ನಾಯಿತುಳಸಿಯನ್ನು ನೆಡಬೇಕಿಲ್ಲ, ಕೀಳದಿದ್ದರೆ ಸಾಕು

(ಕೈತೋಟದ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಮಾತಿಗೆ ತೊಡಗುವ ಮುನ್ನ ಮೇಜಿನ ಮೇಲಿರುವ ಈ ಗಾಜಿನ ಲೋಟವನ್ನು ಒಮ್ಮೆ ನೋಡಿಬಿಡಿ. ಅದರಲ್ಲಿ ಅರ್ಧದಷ್ಟು ನೀರಿದೆ. ನನ್ನ ಅಂಗೈಯಲ್ಲಿ ಒಂದು ಚಿಟಿಕೆ ಕಪ್ಪು ಬೀಜವಿದೆ. ಒಂದೊಂದೂ ಸುಮಾರು 1 ಮಿಲಿಮೀಟರ್ ಉದ್ದ, ಸಾಸಿವೆಗಿಂತ ಸಣ್ಣದು, ಉಸಿರು ತಗುಲಿದರೆ ಹಾರಿಹೋಗುತ್ತದೆ. ಇದನ್ನು ನೀರಿಗೆ ಹಾಕುತ್ತೇನೆ. ಸದ್ಯಕ್ಕೆ ಹಾಗೇ ಇರಲಿ, ಆಮೇಲೆ ಇದರ ಕಡೆ ಬರೋಣ.

ಈ ಬೀಜ ನಾಯಿತುಳಸಿಯದು. ಕನ್ನಡದಲ್ಲಿ ಗಿಡದ ಹೆಸರಿನ ಹಿಂದೆ ‘ನಾಯಿ’ ಅಂಟಿತೆಂದರೆ ಅದರ ಮರ್ಯಾದೆ ಹೋಯಿತೆಂದೇ ಅರ್ಥ. ನಾಯಿಸಾಸಿವೆ ಎನ್ನುತ್ತೇವೆ, ನಾಯಿತುಳಸಿ ಎನ್ನುತ್ತೇವೆ. ಅಸಲಿಯಂತೆ ಕಾಣುತ್ತದೆ, ಆದರೆ ಬೇಲಿಯಾಚೆ ಬೆಳೆಯುತ್ತದೆ, ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹೊಯ್ದಿದ್ದಲ್ಲ. ನನ್ನ ದೃಷ್ಟಿಯಲ್ಲಿ ಈ ಕೊನೆಯ ಎರಡು ಮಾತು ಬೈಗುಳವಾಗಬೇಕಿರಲಿಲ್ಲ, ಬಿರುದಾಗಬೇಕಿತ್ತು. ಹೆಸರು ಒಂದೊಂದು ಕಡೆ ಒಂದೊಂದು ಥರ. ಕಾಡುತುಳಸಿ ಎನ್ನುವವರಿದ್ದಾರೆ, ಕಾಮಕಸ್ತೂರಿಯನ್ನೂ ಇದನ್ನೂ ಒಂದೇ ಹೆಸರಿನಿಂದ ಕರೆಯುವವರೂ ಇದ್ದಾರೆ. ಆದ್ದರಿಂದ ಸಸ್ಯಶಾಸ್ತ್ರದ ಹೆಸರನ್ನೂ ಹೇಳಿಬಿಡುತ್ತೇನೆ: ಆಸಿಮಮ್ ಅಮೆರಿಕಾನಮ್. 1755ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು. ತಮಾಷೆಯೆಂದರೆ ಈ ಗಿಡಕ್ಕೂ ಅಮೆರಿಕಕ್ಕೂ ಹುಟ್ಟಿನ ನಂಟೇ ಇಲ್ಲ. ಇದರ ತವರು ಆಫ್ರಿಕ ಮತ್ತು ಏಷ್ಯಾದ ಬೆಚ್ಚಗಿನ ಪ್ರದೇಶಗಳು. ವಿಳಾಸ ತಪ್ಪಾಗಿ ಬರೆದ ಕಾಗದದಂತೆ ಆ ಹೆಸರು ಇವತ್ತಿಗೂ ಹಾಗೇ ತಿರುಗುತ್ತಿದೆ.

ಗಿಡವನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಹೆಚ್ಚೆಂದರೆ ಮೊಣಕಾಲೆತ್ತರ, ಎಷ್ಟೋ ಸಲ ಗೇಣುದ್ದ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ನಾಲ್ಕು ಮೂಲೆ ಕೈಗೆ ಸಿಗುತ್ತದೆ. ಎಲೆಗಳು ಎದುರುಬದುರು, ಒಂದು ಜೋಡಿ ಪೂರ್ವ–ಪಶ್ಚಿಮಕ್ಕಿದ್ದರೆ ಅದರ ಮೇಲಿನ ಜೋಡಿ ಉತ್ತರ–ದಕ್ಷಿಣಕ್ಕೆ. ಎಲೆ ಕಿರಿದು, ಎರಡೂ ತುದಿ ಚೂಪು. ಹೂವು ಬೆಳ್ಳಗೆ, ಕೆಲವೊಮ್ಮೆ ತೆಳು ನೇರಳೆ ಛಾಯೆಯದು, ತೆನೆಯ ಸುತ್ತ ಆರಾರರ ಬಳೆಯಾಗಿ ಜೋಡಿಸಿಕೊಂಡಿರುತ್ತದೆ. ಇಷ್ಟರ ಮೇಲೆ ಎಲೆಯೊಂದನ್ನು ಹಿಸುಕಿ ಮೂಗಿಗೆ ಹಿಡಿದರೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಇದರ ಹೆಸರು ಕದ್ದು ಓಡಾಡುವ ಇನ್ನೊಂದು ಗಿಡವಿದೆ, ಹಿಪ್ಟಿಸ್. ಅದು ನಿಜವಾಗಿಯೂ ಅಮೆರಿಕದ ಉಷ್ಣವಲಯದಿಂದ ಬಂದದ್ದು. ಅಂದರೆ ಹೆಸರಿನಲ್ಲಿ ಅಮೆರಿಕವಿರುವುದು ಇಲ್ಲಿಯದು, ಅಮೆರಿಕದಿಂದ ಬಂದಿರುವುದಕ್ಕೆ ಆ ಹೆಸರಿಲ್ಲ! ಹಿಪ್ಟಿಸ್‌ಗೂ ಘಾಟು ವಾಸನೆಯಿದೆ, ಅದರ ಬೀಜವೂ ನೀರಿನಲ್ಲಿ ಉಬ್ಬುತ್ತದೆ, ಅದೂ ತನ್ನಷ್ಟಕ್ಕೆ ಹುಟ್ಟುತ್ತದೆ. ಆದರೆ ಆಳೆತ್ತರ ಬೆಳೆದು, ಏಷ್ಯಾ, ಆಫ್ರಿಕ, ಆಸ್ಟ್ರೇಲಿಯಗಳ ಬಯಲುಗಳನ್ನು ನುಂಗಿದ ಆಕ್ರಮಣಕಾರಿ ಕಳೆ ಅದು. ಅದರ ಎಲೆ ಅಗಲ. ನೀಲಿ ನೇರಳೆ ಹೂಗಳು ಎಲೆಯ ಕಂಕುಳಲ್ಲಿ ಗೊಂಚಲಾಗಿ ಬರುತ್ತವೆ. ಹೂವಿನ ಬುಡದ ಪುಷ್ಪಪಾತ್ರೆಗೆ ಮುಳ್ಳಿನಂಥ ಐದು ಹಲ್ಲುಗಳಿರುತ್ತವೆ, ಒಣಗಿದಾಗ ಬೆರಳಿಗೆ ಚುಚ್ಚುತ್ತವೆ. ಚುಚ್ಚಿತೋ, ಬೇರುಸಹಿತ ಕಿತ್ತುಬಿಡಿ. ತಾನಾಗಿ ಹುಟ್ಟುವ ಗಿಡವನ್ನು ತೋಟಕ್ಕೆ ಕರೆಯುವವರು ಯಾರನ್ನು ಕರೆಯುತ್ತಿದ್ದೇವೆ ಎಂದು ಮೊದಲೇ ತಿಳಿದಿರಬೇಕು.

ಇನ್ನು ಬೆಳೆಸುವ ವಿಷಯ. ಇಲ್ಲಿ ನನ್ನ ಸೋಲುಗಳಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಗಿಡದ ಸ್ವಭಾವ ನನಗೆ ತಿಳಿದದ್ದು ಅಲ್ಲಿಂದಲೇ.

ಮೊದಲ ವರ್ಷ ದೊಡ್ಡ ಕೃಷಿಕನಂತೆ ಪಾತಿ ಅಗೆದೆ, ಗೊಬ್ಬರ ಬೆರೆಸಿದೆ, ಬೆರಳಿನಲ್ಲಿ ಒಂದಂಗುಲ ಗುಳಿ ಮಾಡಿ ಬೀಜ ಹಾಕಿ ಮಣ್ಣು ಮುಚ್ಚಿದೆ. ಒಂದೂ ಮೇಲೇಳಲಿಲ್ಲ. ಒಂದು ಮಿಲಿಮೀಟರಿನ ಬೀಜದಲ್ಲಿ ಎಷ್ಟು ಬುತ್ತಿ ಇದ್ದೀತು? ಅಂಗುಲದ ಮಣ್ಣನ್ನು ಎತ್ತಿ ಹಾಕುವಷ್ಟು ಶಕ್ತಿ ಅದಕ್ಕಿಲ್ಲ. ಇಂಥ ಸಣ್ಣ ಬೀಜಗಳಿಗೆ ಬೆಳಕಿನ ಸುಳಿವು ಸಿಗಬೇಕು, ನೆಲದ ಮೇಲ್ಮೈಯಲ್ಲೇ ಇರಬೇಕು. ಎರಡನೆಯ ಸಲ ಇನ್ನೂ ಬುದ್ಧಿವಂತನಾದೆ. ಬೀಜ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆಂದು ರಾತ್ರಿಯಿಡೀ ನೆನೆಸಿಟ್ಟೆ. ಬೆಳಗ್ಗೆ ಬಟ್ಟಲಲ್ಲಿ ಇದ್ದದ್ದು ಕಪ್ಪೆಮೊಟ್ಟೆಯಂಥ ಒಂದು ಮುದ್ದೆ. ಬೇರ್ಪಡಿಸಲು ಹೋದರೆ ಬೆರಳಿಗೆ ಅಂಟುತ್ತದೆ, ಬೆರಳು ಕೊಡವಿದರೆ ಕಡ್ಡಿಗೆ ಅಂಟುತ್ತದೆ. ಕೊನೆಗೆ ರೇಗಿ ಬಟ್ಟಲನ್ನು ಪಾತಿಯ ಪಕ್ಕದ ಕಾಲುದಾರಿಗೆ ಚೆಲ್ಲಿ ಒಳಗೆ ಹೋದೆ.

ಗಿಡ ಬಂದದ್ದು ಆ ಕಾಲುದಾರಿಯಲ್ಲಿ.

ಹಾಸುಗಲ್ಲುಗಳ ನಡುವಿನ ಸಂದಿಯಲ್ಲಿ, ಗೊಬ್ಬರದ ವಾಸನೆಯೂ ಇಲ್ಲದ ಮರಳುಮಣ್ಣಿನಲ್ಲಿ, ಸಾಲು ಹಿಡಿದಂತೆ ಬಂತು. ಹದ ಮಾಡಿದ ಪಾತಿ ಖಾಲಿ, ತುಳಿದಾಡುವ ದಾರಿ ಹಸಿರು. ಆವತ್ತು ಅವಮಾನವೆನಿಸಿತ್ತು. ಆಮೇಲೆ ಕುಳಿತು ಯೋಚಿಸಿದಾಗ ಗಿಡಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು ಎಂದು ಹೊಳೆಯಿತು. ಇಡೀ ದಿನದ ಬಿಸಿಲು, ನಿಲ್ಲದೆ ಬಸಿದುಹೋಗುವ ನೀರು, ಬೀಜವನ್ನು ಮುಚ್ಚದ ಬರಿ ನೆಲ, ಪೈಪೋಟಿಗೆ ನಿಲ್ಲದ ಹುಲ್ಲು.

ಈಗ ಲೋಟವನ್ನು ನೋಡಿ. ಮುಂದಿನ ಸಾಲಿನವರು ಹತ್ತಿರ ಬನ್ನಿ. ಒಂದೊಂದು ಕಪ್ಪು ಚುಕ್ಕೆಯ ಸುತ್ತಲೂ ಬೂದುಬಿಳುಪಿನ ಪಾರದರ್ಶಕ ಗುಂಡು ಕಾಣುತ್ತಿದೆಯಲ್ಲ? ಕಾಮಕಸ್ತೂರಿಯ ಬೀಜದಲ್ಲಿ ನೀವು ಇದನ್ನು ಕಂಡಿರುತ್ತೀರಿ. ಬೀಜದ ಹೊರಸಿಪ್ಪೆಯ ಜೀವಕೋಶಗಳಲ್ಲಿ ಲೋಳೆ ಒಣಗಿ ಮಡಚಿಕೊಂಡಿರುತ್ತದೆ. ನೀರು ತಗುಲಿದ ಕೂಡಲೇ ಅದು ಹಿಗ್ಗಿ ಹೊರಕ್ಕೆ ಚಿಮ್ಮುತ್ತದೆ. ನಮಗಿದು ನೋಡಲು ಚೆಂದ, ಗಿಡಕ್ಕೆ ಇದು ಲಂಗರು. ಮೊದಲ ಮಳೆಯ ನೀರು ಹರಿದು ಹೋಗುವಾಗ ಬರಿ ನೆಲದ ಮೇಲಿನ ಬೀಜ ಕೊಚ್ಚಿಹೋಗಬೇಕಿತ್ತು. ಲೋಳೆ ಅದನ್ನು ಮಣ್ಣಿನ ಕಣಗಳಿಗೆ ಹಿಡಿದು ನಿಲ್ಲಿಸುತ್ತದೆ. ಮಳೆ ನಿಂತು ಬಿಸಿಲು ಬಂದರೆ ಲೋಳೆ ಒಣಗಿ ಗೋಂದಾಗುತ್ತದೆ, ಬೀಜ ಇದ್ದಲ್ಲೇ ಅಂಟಿಕೊಳ್ಳುತ್ತದೆ. ಬೀಜದ ಸುತ್ತ ತುಸು ಹೊತ್ತು ತೇವವೂ ಉಳಿಯುತ್ತದೆ. ನಾನು ಪಾತಿಗೆ ಮಾಡಿದ ಉಪಚಾರವೆಲ್ಲವನ್ನೂ ಈ ಬೀಜ ತನ್ನ ಸಿಪ್ಪೆಯಲ್ಲೇ ಕಟ್ಟಿಕೊಂಡು ಬಂದಿತ್ತು.

ಹೀಗಾಗಿ ಬಿತ್ತನೆಯ ಪಾಠ ಬಹಳ ಚಿಕ್ಕದು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಒಂದು ಅಂಚನ್ನು ಆರಿಸಿಕೊಳ್ಳಿ. ಮೇಲ್ಮಣ್ಣನ್ನು ಕೈಯಿಂದ ಕೆದಕಿ. ಒಣಬೀಜಕ್ಕೆ ಒಂದು ಹಿಡಿ ಮರಳು ಬೆರೆಸಿ ಎರಚಿ, ಅಂಗೈಯಿಂದ ಒತ್ತಿ, ಮಣ್ಣು ಮುಚ್ಚಬೇಡಿ. ಹೂಕುಂಡಕ್ಕೆ ಹಿಡಿಯುವ ತುಂತುರಿನಲ್ಲಿ ಒದ್ದೆ ಮಾಡಿ. ಬೆಚ್ಚಗಿನ ಹವೆಯಲ್ಲಿ ಐದರಿಂದ ಹತ್ತು ದಿನಗಳಲ್ಲಿ ಮೊಳೆ ಕಾಣುತ್ತದೆ. ಚಳಿಯಲ್ಲಿ ಬಿತ್ತಿದರೆ ಬೀಜ ಸುಮ್ಮನೆ ಮಲಗಿರುತ್ತದೆ. ಹಿಮ ಬಿದ್ದರಂತೂ ಬೆಳೆದ ಗಿಡವೂ ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ. ಗೊಬ್ಬರ ಬೇಡವೆಂದೇ ಹೇಳುತ್ತೇನೆ. ಉಂಡು ಕೊಬ್ಬಿದ ಗಿಡದ ಎಲೆ ದೊಡ್ಡದಾಗುತ್ತದೆ, ಪರಿಮಳ ಸಪ್ಪೆಯಾಗುತ್ತದೆ.

ಇಲ್ಲಿಗೆ ಬಿತ್ತುವವರ ಕೆಲಸ ಮುಗಿಯಿತು. ಜೀವಮಾನದಲ್ಲಿ ಒಂದೇ ಸಲ ಮಾಡುವ ಕೆಲಸ ಇದು. ಮುಂದಿನದೆಲ್ಲ ಸುಮ್ಮನಿರುವ ಕೆಲಸ, ಅದು ಬಲು ಕಷ್ಟ. ನನ್ನ ಮೂರನೆಯ ಸೋಲು ಅಲ್ಲೇ ಆದದ್ದು. ಕಾಲುದಾರಿಯ ಗಿಡಗಳು ಬೀಜ ಉದುರಿಸಿ ಒಣಗಿದವು. ಮುಂದಿನ ಮಳೆಗೆ ನೆಲವೆಲ್ಲ ಹಸಿರು ಪುಡಿ ಚೆಲ್ಲಿದಂತಾಯಿತು. ಅದು ಕಳೆಯೆಂದು ತಿಳಿದು ಒಂದು ಮುಂಜಾನೆ ಪೂರ್ತಿ ಕೂತು, ಸೊಂಟ ಹಿಡಿಯುವವರೆಗೆ ಕೆರೆದು ತೆಗೆದೆ. ಎದ್ದು ನಿಂತಾಗ ಬೆರಳುಗಳಿಂದ ಘಮ್ಮೆಂದು ವಾಸನೆ ಬಂತು. ವರ್ಷವಿಡೀ ಕಾದಿದ್ದ ಸಸಿಗಳನ್ನು ನನ್ನ ಕೈಯಾರೆ ಕಿತ್ತಿದ್ದೆ.

ಅದಕ್ಕೇ ಇವತ್ತಿನ ಮಾತಿನಲ್ಲಿ ನೀವು ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಮೊಳಕೆಯ ಮುಖವನ್ನು ನೆನಪಿಟ್ಟುಕೊಳ್ಳಿ. ಮಣ್ಣಿಂದ ಮೊದಲು ಬರುವ ಎರಡು ಬೀಜದೆಲೆಗಳು ದೊಡ್ಡ ಎಲೆಗಳಂತೆ ಚೂಪಾಗಿರುವುದಿಲ್ಲ. ಒಂದು ಪುಟ್ಟ ಬಟ್ಟನ್ನು ನಡುವೆ ಸೀಳಿ, ಎರಡು ಹೋಳುಗಳ ನೇರ ಅಂಚನ್ನು ಎದುರುಬದುರಾಗಿ ಇಟ್ಟಂತೆ ಇರುತ್ತವೆ. ಎರಡು ಅರ್ಧಚಂದ್ರಗಳು ಬೆನ್ನು ಹೊರಗೆ ಮಾಡಿ ನಿಂತಂತೆ. ಮಿಕ್ಕ ಕಳೆಗಳ ಮೊಳಕೆ ಉದ್ದವೋ ಉರುಟೋ ಆಗಿರುತ್ತದೆ, ಈ ಸೀಳಿದ ಬಟ್ಟಿನ ಆಕಾರ ಒಮ್ಮೆ ಕಣ್ಣಿಗೆ ಕೂತರೆ ಮತ್ತೆ ಮರೆಯುವುದಿಲ್ಲ. ಕಾಮಕಸ್ತೂರಿಯ ಮೊಳಕೆಯೂ ಹೀಗೇ ಇರುತ್ತದೆ, ಒಂದೇ ಮನೆತನ. ಅನುಮಾನ ಬಂದರೆ ಇನ್ನೊಂದು ವಾರ ಬಿಡಿ, ಮೊದಲ ನಿಜವಾದ ಎಲೆಯ ಜೋಡಿ ಮೂಡುತ್ತದೆ, ಅದನ್ನು ಮುಟ್ಟಿದರೆ ವಾಸನೆಯೇ ಉತ್ತರ ಹೇಳುತ್ತದೆ.

ಗುರುತು ಸಿಕ್ಕ ಮೇಲೆ ಕೀಳಲೇಬೇಕು, ಆದರೆ ಆರಿಸಿ ಕೀಳಬೇಕು. ನೂರು ಸಸಿ ಹುಟ್ಟಿದಲ್ಲಿ ಹತ್ತನ್ನು ಉಳಿಸಿಕೊಂಡರೆ ಸಾಕು, ಒಂದರಿಂದೊಂದಕ್ಕೆ ಗೇಣು ಅಂತರ ಇರಲಿ. ಯಾವ ಹತ್ತು? ಇಲ್ಲಿಂದ ಮುಂದೆ ಕೆಲಸ ಕಣ್ಣಿನದಲ್ಲ, ಮೂಗಿನದು.

ಎಲೆಯ ಹಿಂಬದಿಯನ್ನು ಭೂತಗಾಜಿನಲ್ಲಿ ನೋಡಿದರೆ ಹೊಳೆಯುವ ಸಣ್ಣ ಚುಕ್ಕೆಗಳು ಕಾಣುತ್ತವೆ. ಪ್ರತಿಯೊಂದೂ ಎಣ್ಣೆ ತುಂಬಿದ ಒಂದು ಚೀಲ, ಅದರ ಮೇಲೊಂದು ತೆಳ್ಳನೆಯ ಪೊರೆ. ಬೆರಳು, ಗಾಳಿ, ದಾರಿಹೋಕರ ಬಟ್ಟೆಯ ಅಂಚು, ಏನು ತಾಕಿದರೂ ಪೊರೆ ಒಡೆಯುತ್ತದೆ. ಮಲ್ಲಿಗೆ ಕರೆದು ಕೊಡುತ್ತದೆ. ಇದು ಮುಟ್ಟಿದವರಿಗೆ ಮಾತ್ರ ಕೊಡುತ್ತದೆ. ಹಾಗಾಗಿ ಇದನ್ನು ಹಿತ್ತಿಲ ಮೂಲೆಯಲ್ಲಿ ಬೆಳೆಸುವುದು ವ್ಯರ್ಥ. ನೀವು ದಿನಾ ಓಡಾಡುವ ದಾರಿಯ ಅಂಚಿಗೆ, ಕಾಲಿಗೆ ತಾಕುವಷ್ಟು ಹತ್ತಿರಕ್ಕೆ ಬರಲಿ.

ಆ ಚೀಲಗಳೊಳಗಿನ ಎಣ್ಣೆ ಎಲ್ಲ ಗಿಡದಲ್ಲೂ ಒಂದೇ ಅಲ್ಲ ಎನ್ನುವುದು ಈ ಗಿಡದ ದೊಡ್ಡ ಸ್ವಾರಸ್ಯ. ನೋಡಲು ಅವಳಿಗಳಂತಿರುವ ಎರಡು ಗಿಡಗಳಲ್ಲಿ ಒಂದು ಕರ್ಪೂರದಂತೆ ಘಾಟಾಗಿರುತ್ತದೆ, ಇನ್ನೊಂದು ನಿಂಬೆಯಂತೆ ತಂಪಾಗಿರುತ್ತದೆ. ಮೊದಲನೆಯದರಲ್ಲಿ ಕರ್ಪೂರದ ಅಂಶವೇ ಹೆಚ್ಚು, ಎರಡನೆಯದರಲ್ಲಿ ನಿಂಬೆಯ ವಾಸನೆ ಕೊಡುವ ಸಿಟ್ರಾಲ್ ಹೆಚ್ಚು. ಹುಟ್ಟಿನಿಂದ ಬಂದ ಗುಣ ಅದು, ಮಣ್ಣು ಬದಲಿಸಿದರೆ ಬದಲಾಗುವುದಿಲ್ಲ. ನನ್ನ ಕಾಲುದಾರಿಯಲ್ಲಿ ಮೊದಲು ಕರ್ಪೂರದವೇ ಹೆಚ್ಚಿದ್ದವು. ನನಗೆ ನಿಂಬೆಯದು ಇಷ್ಟ. ಸಸಿಗಳು ನಾಲ್ಕು ಬೆರಳೆತ್ತರ ಆದಾಗ ಒಂದೊಂದರ ಎಲೆಯನ್ನೂ ಉಜ್ಜಿ ಮೂಸುತ್ತಾ ಹೋದೆ. ಹತ್ತು ಗಿಡ ಮೂಸುವಷ್ಟರಲ್ಲಿ ಮೂಗು ಮಂಕಾಗುತ್ತದೆ, ಆಗ ಎದ್ದು ಹೋಗಿ ಕೈ ತೊಳೆದು ಸ್ವಲ್ಪ ಹೊತ್ತು ಬಿಟ್ಟು ಬರಬೇಕು. ಬೇಕಾದದ್ದಕ್ಕೆ ಕೆಂಪು ನೂಲು ಕಟ್ಟಿದೆ, ಉಳಿದದ್ದನ್ನು ಹೂ ಬಿಡುವ ಮೊದಲೇ ತೆಗೆದೆ. ‘ಮೊದಲೇ’ ಎನ್ನುವುದು ಮುಖ್ಯ. ಹೂ ಬಿಟ್ಟಿತೆಂದರೆ ಪರಾಗ ಹಂಚಿಹೋಯಿತು, ಆಮೇಲೆ ಕಿತ್ತು ಫಲವಿಲ್ಲ. ನಾಲ್ಕು ಮಳೆಗಾಲ ಹೀಗೆ ಮಾಡಿದ ಮೇಲೆ ಈಗ ದಾರಿಯ ಎರಡೂ ಬದಿ ಬಹುಪಾಲು ನಿಂಬೆಯ ವಾಸನೆ. ಕರ್ಪೂರದ್ದು ಅಲ್ಲೊಂದು ಇಲ್ಲೊಂದು ಇಣುಕುತ್ತದೆ, ಅದನ್ನೂ ಒಂದೆರಡು ಬಿಟ್ಟಿರುತ್ತೇನೆ. ನೆಗಡಿಯಾದಾಗ ಮೂಸಲು ಅದೇ ಮೇಲು.

ಪರಾಗ ಹಂಚುವವರನ್ನೂ ಪರಿಚಯಿಸಬೇಕು. ಬೆಳಗಿನ ಬಿಸಿಲಿಗೆ ಒಂದು ಮಣೆ ಹಾಕಿಕೊಂಡು ತೆನೆಯ ಎದುರು ಕೂರಿ. ಈ ಕುಟುಂಬದ ಬೇರೆ ಕೆಲವು ಹೂಗಳಲ್ಲಿ, ಸಾಲ್ವಿಯಾದಲ್ಲಿ ಉದಾಹರಣೆಗೆ, ಕೇಸರಗಳು ಮೇಲಿನ ತುಟಿಯ ಕೆಳಗೆ ಅಡಗಿದ್ದು ಜೇನುಹುಳುವಿನ ಬೆನ್ನಿಗೆ ಪರಾಗ ಬಳಿಯುತ್ತವೆ. ನಾಯಿತುಳಸಿಯದು ತದ್ವಿರುದ್ಧ. ನಾಲ್ಕು ಕೇಸರಗಳು ಕೆಳತುಟಿಯ ಮೇಲೆ ಮೈಚಾಚಿ ಮಲಗಿರುತ್ತವೆ. ಹುಳು ಬಂದು ಅದೇ ಜಗಲಿಯ ಮೇಲೆ ಕೂತು ಮಕರಂದಕ್ಕೆ ಮುಖ ತೂರಿದಾಗ ಪರಾಗ ಅದರ ಹೊಟ್ಟೆಗೆ ಹತ್ತುತ್ತದೆ. ಐದಾರು ಮಿಲಿಮೀಟರಿನ ಹೂವು ಜೇನಿನ ಭಾರಕ್ಕೆ ಬಾಗುತ್ತದೆ, ಹುಳು ಜಾರುತ್ತದೆ, ಮತ್ತೆ ಹತ್ತುತ್ತದೆ. ಹತ್ತಿರದಲ್ಲಿ ಕಾಮಕಸ್ತೂರಿ ಇದ್ದರೆ ಅದೇ ಹುಳು ಅಲ್ಲಿಗೂ ಹೋಗಿ ಬರುತ್ತದೆ. ಇವೆರಡರ ಬೆರಕೆಯಿಂದ ಹುಟ್ಟಿದ ತಳಿಗೆ ಸಸ್ಯಶಾಸ್ತ್ರದಲ್ಲಿ ಆಸಿಮಮ್ ಆಫ್ರಿಕಾನಮ್ ಎಂಬ ಬೇರೆ ಹೆಸರೇ ಇದೆ. ನಿಂಬೆ ಪರಿಮಳದ ತುಳಸಿಯೆಂದು ಬೆಳೆಸುವುದು ಹೆಚ್ಚಾಗಿ ಇದನ್ನೇ. ತಳಿ ಶುದ್ಧವಾಗಿರಲಿ ಎನ್ನುವವರು ಎರಡನ್ನೂ ದೂರ ಇಡಬೇಕು. ನನಗೆ ಆ ಶುದ್ಧಿಯ ಹಂಬಲವಿಲ್ಲ.

ತೆನೆ ಕೆಳಗಿನಿಂದ ಮೇಲಕ್ಕೆ ಹಣ್ಣಾಗುತ್ತದೆ. ಬುಡದ ಬಳೆಗಳು ಒಣಗಿ ಕಂದಾಗಿರುವಾಗ ತುದಿಯಲ್ಲಿ ಇನ್ನೂ ಹೂವಿರುತ್ತದೆ. ಒಣಗಿದ ಒಂದೊಂದು ಪುಷ್ಪಪಾತ್ರೆಯಲ್ಲಿ ನಾಲ್ಕು ಬೀಜ, ಬಾಯಿಯಲ್ಲಿ ಬಿಳಿ ರೋಮಗಳ ಒಂದು ಉಂಗುರ. ನಾನು ನೋಡಿದಂತೆ ಬರಿ ಗಾಳಿಗೆ ಹೆಚ್ಚು ಉದುರುವುದಿಲ್ಲ. ದಪ್ಪ ಮಳೆಹನಿ ಬಡಿದಾಗ ತೊಟ್ಟು ಚಿಮ್ಮುಹಲಗೆಯಂತೆ ಬಗ್ಗಿ ಮೇಲೇಳುತ್ತದೆ, ಬೀಜ ಹೊರಗೆ ಹಾರುತ್ತದೆ. ಒಂದು ಜೋರು ಮಳೆಯ ಮರುದಿನ ಪಕ್ಕದಲ್ಲಿದ್ದ ಬಿಳಿ ಕುಂಡದ ಮೈಮೇಲೆ ಏಳೆಂಟು ಬೀಜ ಅಂಟಿಕೊಂಡಿದ್ದವು, ಪ್ರತಿಯೊಂದರ ಸುತ್ತ ಒಣಗಿದ ಲೋಳೆಯ ಮಿರುಗುವ ಬಳೆ. ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡಲಿಲ್ಲ. ಬೇಕಾದ ನೀರು ಬಂದ ಹೊತ್ತಿಗೇ ಬೀಜ ಬಿಡುವುದು, ಬಿಟ್ಟ ಬೀಜ ಬಿದ್ದಲ್ಲೇ ಅಂಟುವುದು: ಇದಕ್ಕಿಂತ ಹೆಚ್ಚಿಗೆ ತೋಟಗಾರರು ಏನು ಮಾಡಿಯಾರು?

ಬೇಡವೆಂದರೆ ತಡೆಯುವುದೂ ಸುಲಭವೇ. ಒಣ ಎಲೆಯ ದಪ್ಪ ಹೊದಿಕೆ ಹಾಕಿದಲ್ಲಿ ಇದು ಹುಟ್ಟುವುದಿಲ್ಲ, ಆಳವಾಗಿ ಅಗೆದು ಮಗುಚಿದಲ್ಲಿಯೂ ಇಲ್ಲ. ನಾನು ಪ್ರತಿ ಮೂರು ತೆನೆಯಲ್ಲಿ ಎರಡನ್ನು ಹೂವಿರುವಾಗಲೇ ಕತ್ತರಿಸುತ್ತೇನೆ, ಒಂದನ್ನು ಬೀಜಕ್ಕೆ ಬಿಡುತ್ತೇನೆ. ಕತ್ತರಿಸಿದ್ದರಿಂದ ಗಿಡ ಕವಲೊಡೆದು ಇನ್ನೊಂದೆರಡು ತಿಂಗಳು ಎಳೆಯದಾಗಿಯೇ ಉಳಿಯುತ್ತದೆ. ರೋಗ ರುಜಿನ ಕಡಿಮೆ. ತುಳಸಿ ಜಾತಿಯನ್ನೇ ಹುಡುಕಿ ಬರುವ ಜಾಲರಿ ರೆಕ್ಕೆಯ ಒಂದು ಪುಟ್ಟ ತಿಗಣೆಯಿದೆ, ಎಲೆಯ ಕೆಳಗೆ ಕೂತು ರಸ ಹೀರುತ್ತದೆ, ಮೇಲ್ಭಾಗ ಬಿಳಿಚಿಕೊಂಡು ಮುರುಟುತ್ತದೆ. ಅಂಥ ಕೊಂಬೆ ಕತ್ತರಿಸಿ ಬಿಸಾಡಿ. ಔಷಧಿ ಹೊಡೆಯಬೇಡಿ, ಕೈಯಿಂದ ಉಜ್ಜಿ ಮೂಸುವ ಗಿಡ ಇದು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಇದು ಸೊಳ್ಳೆ ಓಡಿಸುತ್ತದೆಯೇ ಎಂದು ಒಬ್ಬರು ಕೇಳಿದರು. ಸ್ವಲ್ಪ ಮಟ್ಟಿಗೆ. ಕೀನ್ಯಾದಲ್ಲಿ ಪ್ರಯೋಗಕ್ಕೆಂದೇ ಕಟ್ಟಿದ ಗುಡಿಸಲುಗಳಲ್ಲಿ ಇದೇ ಗಿಡದ ಕುಂಡಗಳನ್ನು ಇಟ್ಟು ಪರೀಕ್ಷಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲೇರಿಯಾ ಹರಡುವ ಸೊಳ್ಳೆಗಳಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚಿನವು ದೂರ ಉಳಿದವು. ಉಳಿದ ಸುಮಾರು ಎರಡು ಭಾಗ ಬಂದೇ ಬಂದವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಂಡ ಇಡಿ, ಸೊಳ್ಳೆಪರದೆಯನ್ನೂ ಕಟ್ಟಿ.

ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದು, ತಮ್ಮಲ್ಲಿ ನೆಲವೇ ಇಲ್ಲ, ಬಾಲ್ಕನಿಯಲ್ಲಿ ನಾಲ್ಕು ಕುಂಡಗಳಿವೆ ಅಷ್ಟೇ ಎಂದರು. ಕುಂಡದಲ್ಲೂ ತಾನಾಗಿ ಹುಟ್ಟುತ್ತದೆ, ಹುಟ್ಟಲು ಬಿಡಬೇಕು. ಗಿಡ ಒಣಗಿದ ಮೇಲೆ ಮಣ್ಣು ಬದಲಿಸಬೇಡಿ, ತೆನೆಯನ್ನು ಅದೇ ಕುಂಡದ ಮೇಲೆ ಬಾಗಿಸಿ ತಟ್ಟಿ, ಮೇಲೆ ನೀರು ಚಿಮುಕಿಸಿ. ನಾಲ್ಕರಲ್ಲಿ ಒಂದು ಕುಂಡ ಸದಾ ಬರಿದಾಗಿ ಇರುವಂತೆ ಕಂಡರೂ ತಾಳಿಕೊಳ್ಳಿ.

ಅವರ ಕೈಗೆ ನಾನು ಬೀಜದ ಪೊಟ್ಟಣ ಕೊಡಲಿಲ್ಲ. ಮೇಜಿನ ಮೇಲಿದ್ದ ಲೋಟವನ್ನೇ ಕೊಟ್ಟೆ. ಅಷ್ಟು ಹೊತ್ತಿಗೆ ಬೀಜಗಳೆಲ್ಲ ಉಬ್ಬಿ ಒಂದಕ್ಕೊಂದು ಅಂಟಿ ತಳದಲ್ಲಿ ತೂಗಾಡುತ್ತಿದ್ದವು. ಮನೆಗೆ ಹೋಗಿ ಒಂದು ಕುಂಡದ ಮೇಲೆ ನೀರುಸಮೇತ ಚೆಲ್ಲಿಬಿಡಿ, ಮುದ್ದೆ ಬಿದ್ದರೆ ಕಡ್ಡಿಯಿಂದ ಹರಡಿ ಎಂದೆ. ಲೋಟ ವಾಪಸು ಬೇಕೇ ಎಂದು ಕೇಳಿದರು. ಅರ್ಧಚಂದ್ರಗಳು ಕಂಡ ದಿನ ತಂದುಕೊಡಿ ಎಂದೆ.